ತಬಲಾ ನುಡಿಸುವ ಲ್ಯಾಪ್‌ಟಾಪು

ಕೆಟ್ಟ ಮಿಕ್ಸಿಗೆ ಗುದ್ದುವ ನನ್ನ ಹೆಂಡತಿಗೆ, ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳಬಾರದೆಂದು ಎಷ್ಟೋ ಸಲ ಉಪದೇಶ ಮಾಡಿದ್ದೇನೆ. ಅಂಥ ನಾನು ಒಂದು ಲ್ಯಾಪ್‌ಟಾಪನ್ನು ಎತ್ತಿ ಚಾಮರಾಜಪೇಟೆಯ ಮೋರಿಗೆ ಎಸೆಯಬೇಕೆಂದು ಹಲ್ಲು ಕಡಿದದ್ದುಂಟು. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ನಮ್ಮದೊಂದು ಸಣ್ಣ ವಾದ್ಯಗೋಷ್ಠಿ. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು, ಎಲ್ಲಿ ಕರೆದರೂ ನಾನು ಹಾಡುತ್ತಿದ್ದೆ, ನಂಜುಂಡಿ ತಬಲಾ ನುಡಿಸುತ್ತಿದ್ದ. ಹೀಗೆ ಹದಿನೆಂಟು ವರ್ಷ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೀಬೋರ್ಡಿನ ಸುರೇಶ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ತಂದ. ತಬಲಾ, ಢೋಲಕ್, ಡ್ರಮ್ಸ್ ಎಲ್ಲ ಅದರೊಳಗೇ ಇತ್ತು. ಅದು ಕಾಫಿ ಕೇಳುವುದಿಲ್ಲ, ತಡವಾಗಿ ಬರುವುದಿಲ್ಲ. ನಂಜುಂಡಿಯೋ ಪ್ರತಿ ಸಲವೂ ತಡ; ಬಂದವನು ಸುತ್ತಿಗೆ ಹಿಡಿದು ಶ್ರುತಿ ಮಾಡುತ್ತ ಕೂತರೆ ಮದುವೆ ಗಂಡಿಗೇ ಆಕಳಿಕೆ. ಆ ವರ್ಷದ ಗಣೇಶನ ಹಬ್ಬಕ್ಕೆ ಬರಬೇಡವೆಂದು ಅವನಿಗೆ ಹೇಳಿದವನು ಸುರೇಶನಲ್ಲ, ನಾನೇ. ಅದೂ ಫೋನಿನಲ್ಲಿ.

ಪೆಂಡಾಲಿನಲ್ಲಿ ಎರಡನೇ ಹಾಡಿಗೇ ಎಡವಟ್ಟಾಯಿತು. ಜನ ಚಪ್ಪಾಳೆ ತಟ್ಟಿದರೆಂದು ಚರಣದ ಕೊನೆಯ ಸ್ವರವನ್ನು ಎಂದಿನಂತೆ ಎಳೆದೆ. ದರಿದ್ರದ ಯಂತ್ರ ಎಳೆಯಲಿಲ್ಲ. ನಾನು ಪಲ್ಲವಿಗೆ ಬರುವಷ್ಟರಲ್ಲಿ ಅದು ಮುಂದೆ ಹೋಗಿಯಾಗಿತ್ತು. ನಿಲ್ಲಿಸೋಣವೆಂದರೆ ಸುರೇಶನ ಎರಡೂ ಕೈ ಕೀಬೋರ್ಡಿನ ಮೇಲೆ. ಅಟ್ಟಿಸಿಕೊಂಡು ಹೋದೆ, ಈ ಸಲ ಅರ್ಧ ಮಾತ್ರೆ ಮೊದಲೇ ಬಂದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ, ಮೈಕಿಗೂ ಕೇಳುವಂತೆ, "ಇವ್ರಿಗೆ ತಾಳಾನೇ ಬರಲ್ಲ ಕಣ್ರೀ" ಅಂದರು.

ಶ್ರುತಿ ತಾಯಿ, ಲಯ ತಂದೆ ಎನ್ನುತ್ತಾರೆ ಹಿರಿಯರು. ನನ್ನ ಪಾಲಿನ ತಂದೆ ಹದಿನೆಂಟು ವರ್ಷ ಮಗನ ತಪ್ಪು ಮುಚ್ಚಿಟ್ಟಿದ್ದ. ನಾನು ಬೇಗ ಬಂದರೆ ಒಂದು ಪೆಟ್ಟು ನುಂಗಿ, ತಡವಾದರೆ ಒಂದು ಮುಕ್ತಾಯ ಸೇರಿಸಿ, ನಂಜುಂಡಿ ನನ್ನನ್ನು ಗಾಯಕನೆನ್ನಿಸಿದ್ದ. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅದಕ್ಕೆ ಅವನ ಮೇಲೂ ನನಗೆ ಸಿಟ್ಟು ಬಂತು. ಬೈದಿದ್ದರೆ ಕಲಿಯುತ್ತಿದ್ದೆ.

ಮೂರನೇ ಹಾಡಿನಲ್ಲಿ ಕಂಬದ ಪಕ್ಕ ಅವನು ಕಂಡ. ಉಸುಲಿಯ ದೊನ್ನೆ ಕೆಳಗಿಟ್ಟು, ಕೈ ಎತ್ತಿ, ಜನರ ತಲೆಯ ಮೇಲಿಂದ ನನಗೆ ಕಾಣುವಂತೆ ತಾಳ ಹಾಕತೊಡಗಿದ. ಅದನ್ನೇ ನೋಡಿಕೊಂಡು ಹಾಡಿ ಮುಗಿಸಿದೆ. ಇಳಿದು ಅವನ ಬಳಿ ಹೋದವನು ಕ್ಷಮೆ ಕೇಳುವ ಬದಲು ಲ್ಯಾಪ್‌ಟಾಪನ್ನು ಬಾಯಿಗೆ ಬಂದಂತೆ ಬೈದೆ.

"ಪಾಪ, ಅದು ಸರಿಯಾಗೇ ನುಡಿಸ್ತಿದೆ," ಎಂದ ನಂಜುಂಡಿ. "ನಿನ್ ವಿಷ್ಯ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ."

ಮರುವಾರದಿಂದ ಅವನನ್ನೇ ಕರೆದೆವು. ಈಗಲೂ ತಡವಾಗಿಯೇ ಬರುತ್ತಾನೆ. ಮೈಯೆಲ್ಲ ಉರಿಯುತ್ತದೆ. ಕಾಯುತ್ತೇನೆ.