ಆರನೆಯ ಕುರ್ಚಿ

ರದೋಯ್ಕಾಳ ಓಣಿಗೆ ಹೆಣ್ಣು ನೋಡಲು ಬಂದವರು ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಅಂಗೈಯನ್ನು. ಅಂಗೈ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಆ ಮನೆಗೆ ಮೂತ್ರಪಿಂಡದ ರೋಗ ಹೊಕ್ಕಿದೆ ಎಂದೇ ಅರ್ಥ. ಸಾವಾ ನದಿಯ ದಂಡೆಯ ಆ ಓಣಿಯಲ್ಲಿ ರೋಗ ಹಿಡಿಯುವುದು ಒಬ್ಬರನ್ನಲ್ಲ, ಇಡೀ ಮನೆಯನ್ನು. ಬಾವಿನೀರು ಎಂದರು, ಗೋಧಿಯ ಜೊತೆ ಬೀಸಿಹೋದ ಕಳೆಬೀಜ ಎಂದರು. ಕಾರಣ ತಿಳಿದರೂ ಯಾರ ಜೀವವೂ ಉಳಿಯಲಿಲ್ಲ.

ಇಪ್ಪತ್ತಾರು ವರ್ಷದಿಂದ ರದೋಯ್ಕಾ ಪಟ್ಟಣದ ಡಯಾಲಿಸಿಸ್ ವಾರ್ಡಿನ ನರ್ಸು. ಅಲ್ಲಿ ಎಂಟು ಯಂತ್ರ, ಎಂಟೂ ಸದಾ ಭರ್ತಿ. ಜಾಗ ಸಾಲದೆ ಹಲವರು ವಾರಕ್ಕೆ ಮೂರು ಸಲ ವ್ಯಾನು ಹತ್ತಿ ಎಪ್ಪತ್ತು ಕಿಲೋಮೀಟರು ದೂರದ ಊರಿಗೆ ಹೋಗಿಬರುತ್ತಿದ್ದರು. ಅವಳು ನಾಲ್ಕು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಆರು ಹೊಸ ಯಂತ್ರ, ಒಂದೊಂದರ ಪಕ್ಕಕ್ಕೂ ಒಂದು ಕುರ್ಚಿ ತರಿಸಿದಳು.

"ಖಾಲಿ ಕುರ್ಚಿ ಹಾಕಿದ್ರೆ ಕೂರೋರನ್ನ ಅದೇ ಕರ್ಕೊಳ್ತದೆ," ಎಂದಳು ಓಣಿಯ ಮುದುಕಿಯೊಬ್ಬಳು. ರದೋಯ್ಕಾ ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಹೊಸ ಯಂತ್ರಗಳು ಒಂದೊಂದಾಗಿ ಚಾಲೂ ಆದವು, ಪ್ರತಿ ಸಲವೂ ವ್ಯಾನಿನವರನ್ನು ಕೂರಿಸುವ ಮೊದಲೇ ತುರ್ತಿನವರು ಬಂದರು. ಮೊದಲ ಕುರ್ಚಿಗೆ ಅವಳ ಓಣಿಯ ಮೊದಲ ಮನೆಯವಳು, ಎರಡನೆಯದಕ್ಕೆ ಎರಡನೆಯ ಮನೆಯವನು. ಹತ್ತು ತಿಂಗಳಲ್ಲಿ ಐದು ಮನೆ, ಐದು ಕುರ್ಚಿ, ಒಂದೂ ಸಾಲು ತಪ್ಪಲಿಲ್ಲ. ಆರನೆಯ ಮನೆ ರದೋಯ್ಕಾಳದು. ಅಲ್ಲಿ ಇದ್ದವಳು ಅವಳೊಬ್ಬಳೇ.

ಯಾರೂ ಕೂರದ ಆರನೆಯ ಯಂತ್ರ ಹಾಡಹಗಲೇ ತಾನಾಗಿ ಕೂಗತೊಡಗಿತು. ಅವಳು ಹತ್ತಿರ ಹೋದರೆ ಸುಮ್ಮನಾಗುತ್ತಿತ್ತು. ರಿಪೇರಿಯವನು ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದ. ಅವಳಿಗೆ ಭಯವಾಗಿತ್ತು, ಸುಳ್ಳೇಕೆ?

ಆ ಕುರ್ಚಿ ವ್ಯಾನಿನಲ್ಲಿ ಹೋಗಿಬರುತ್ತಿದ್ದ ಸ್ರೆತೆನ್ ಮುದುಕನಿಗೆ ಸಿಕ್ಕಿತು. ಅವನ ಹೃದಯ ಸೋತಿತ್ತು. ಇನ್ನೊಂದು ಚಳಿಗಾಲ ಹೀಗೇ ಓಡಾಡಿದರೆ ದಾರಿಯಲ್ಲೇ ಹೋಗುತ್ತಾನೆ ಎಂದಿದ್ದರು ಡಾಕ್ಟರು. ಆದರೆ ಮುದುಕ ಕುರ್ಚಿಯ ಪಕ್ಕ ಟೋಪಿ ಹಿಡಿದು ನಿಂತ, ಕೂರಲಿಲ್ಲ.

"ಇದು ನಿಂದು ಮಗಳೇ. ನಿನ್ನ ಜಾಗ ಕಿತ್ಕೊಂಡು ನಾನು ಬದುಕ್ಲಾ?"

"ನಂಗೇನಾಗಿದೆ ಮಾವ? ಗುಂಡುಕಲ್ಲಿನ ಹಾಗಿದ್ದೀನಿ."

"ಹಂಗಾದ್ರೆ ರಕ್ತ ಪರೀಕ್ಷೆ ಮಾಡ್ಸು. ಆಮೇಲೆ ಕೂರ್ತೀನಿ."

ಊರಿನವರೆಲ್ಲರ ರಕ್ತ ತೆಗೆದವಳು ತನ್ನದನ್ನು ಮಾತ್ರ ಹನ್ನೊಂದು ವರ್ಷದಿಂದ ಪರೀಕ್ಷೆಗೆ ಕೊಟ್ಟಿರಲಿಲ್ಲ. ಇಂದು ನೆಗಡಿ, ನಾಳೆ ಕೆಲಸ ಎಂದು ಜಾರಿಕೊಳ್ಳುತ್ತಿದ್ದಳು. ಈಗ ಬೇರೆ ದಾರಿ ಇರಲಿಲ್ಲ, ಕೊಟ್ಟಳು.

ಮರುದಿನ ಪರೀಕ್ಷೆಯ ಚೀಟಿ ಬಂತು. ಸ್ರೆತೆನ್ ಕನ್ನಡಕ ತಂದಿರಲಿಲ್ಲ, ನೀನೇ ಓದು ಎಂದ. ಅವಳು ಅಂಕಿಗಳನ್ನು ಮೂರು ಸಲ ಓದಿದಳು. ಅಂಥ ಅಂಕಿ ಇದ್ದವರಿಗೆ ಎಷ್ಟು ತಿಂಗಳಲ್ಲಿ ಡಯಾಲಿಸಿಸ್ ಸೂಜಿ ಬೀಳುತ್ತದೆ ಎಂಬುದನ್ನು ಆ ವಾರ್ಡಿನಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಲ್ಲಾ ಸರಿಯಾಗಿದೆ ಮಾವ," ಎಂದಳು.

ಮುದುಕ ಶಿಲುಬೆಯ ಗುರುತು ಹಾಕಿಕೊಂಡು ಕುರ್ಚಿಯಲ್ಲಿ ಒರಗಿದ. ಮುದುಕಿಯರ ಮಾತು ಕಟ್ಟಿಕೊಂಡು ಹೆದರಿಬಿಟ್ಟಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಅವಳು ಸೂಜಿ ಚುಚ್ಚಿ, ಯಂತ್ರ ಚಾಲೂ ಮಾಡಿ, ಅವನಿಗೆ ನಿದ್ದೆ ಹತ್ತುವವರೆಗೆ ಪಕ್ಕದಲ್ಲೇ ನಿಂತಳು.

ಆಮೇಲೆ ಹೊರಗೆ ಹೋಗಿ ವ್ಯಾನಿನ ಡ್ರೈವರಿಗೆ ಫೋನು ಮಾಡಿ, ಸ್ರೆತೆನ್ ಕೂರುತ್ತಿದ್ದ ಸೀಟನ್ನು ಯಾರಿಗೂ ಕೊಡಬೇಡ ಎಂದಳು.