ಪಂಚೆಯ ಮೇಲೆ ಹಾದ ನೆರಳು

ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದವಳು. ಕುಂದೂರಿನ ನಮ್ಮ ಮೇಷ್ಟ್ರು ಅಂಥದ್ದನ್ನೆಲ್ಲ ನಂಬಬೇಡಿ ಎಂದು ಕಲಿಸಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಆ ಪಾಠವನ್ನು ಬಿಟ್ಟಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದಕ್ಕೆ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ.

ಮಕ್ಕಳೇ, ನೀವು ರಜಕ್ಕೆ ಬಂದಾಗಲೆಲ್ಲ ಗೋಡೆಯ ಮೇಲಿನ ಪದಕಗಳ ಫೋಟೋ ನೋಡಿ ದೊಡ್ಡಜ್ಜನ ಕಥೆ ಕೇಳುತ್ತೀರಿ. ಮನೆಯಲ್ಲೊಬ್ಬರು ಏರ್ ಮಾರ್ಷಲ್ ಆಗಿದ್ದರೆ ಯಾರಿಗಾದರೂ ಹೆಮ್ಮೆಯೇ. ಪಕ್ಕದ ಫೋಟೋದಲ್ಲಿರುವ ನಿಮ್ಮ ಅಜ್ಜನ ಕಥೆಯನ್ನು ಯಾರೂ ಕೇಳುವುದಿಲ್ಲ. ಎರಡೂ ಒಂದೇ ಕಥೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಗ್ಗೆಯ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ಭಾವ, ಅಂದರೆ ನಿಮ್ಮ ದೊಡ್ಡಜ್ಜ, ಆಗಲೇ ವಾಯುಪಡೆ ಸೇರಿ ವಿಮಾನ ಹಾರಿಸುತ್ತಿದ್ದರು. ಅವರನ್ನು ಓದಿಸುವುದಕ್ಕಾಗಿ ನಿಮ್ಮ ಅಜ್ಜನನ್ನು ಹೈಸ್ಕೂಲಿನಿಂದ ಬಿಡಿಸಿ ತೋಟಕ್ಕೆ ಹಾಕಿದ್ದರು. ಲೆಕ್ಕದಲ್ಲಿ ಅಣ್ಣನಿಗಿಂತ ತಮ್ಮನೇ ಚುರುಕಾಗಿದ್ದ ಎಂದು ಅತ್ತೆಯೇ ಒಮ್ಮೆ ಬಾಯಿತಪ್ಪಿ ಹೇಳಿದ್ದರು. ಭಾವನವರಿಗೆ ಬಡ್ತಿ ಸಿಕ್ಕಾಗಲೆಲ್ಲ ಕಾಗದ ಬರುತ್ತಿತ್ತು. ಹೊಸ ಪದವಿಯ ಹೆಸರನ್ನು ನಿಮ್ಮ ಅಜ್ಜ ಅತ್ತೆಗೆ ಎರಡೆರಡು ಸಲ ಓದಿ ಹೇಳುತ್ತಿದ್ದರು. ಪದವಿ ಏರಿದಷ್ಟೂ ಭಾವ ಊರಿಗೆ ಬರುವುದು ಕಡಿಮೆಯಾಯಿತು.

ಹಿಂದೊಮ್ಮೆ ರಜಕ್ಕೆ ಬಂದಿದ್ದಾಗ ಭಾವ ಅತ್ತೆಗೆ, ವಿಮಾನದ ಸದ್ದು ಕೇಳಿದರೆ ಕಣದಲ್ಲಿ ಬಿಳಿ ಬಟ್ಟೆ ಹಾಸು, ನಾನೇ ಹಾರಿಸುತ್ತಿದ್ದರೆ ಮೇಲಿನಿಂದ ನಮ್ಮ ಮನೆಯ ಗುರುತು ಹಿಡಿಯುತ್ತೇನೆ ಎಂದಿದ್ದರಂತೆ. ಅವತ್ತಿನಿಂದ ಸದ್ದು ಕೇಳಿದರೆ ಸಾಕು, ಅತ್ತೆ ಒಲೆಯ ಮುಂದಿನಿಂದ ಎದ್ದು ಓಡುತ್ತಿದ್ದರು. ಮನೆಯಲ್ಲಿ ಅಷ್ಟು ಅಗಲದ ಬಿಳಿ ಬಟ್ಟೆ ಎಂದರೆ ಮದುವೆಯಲ್ಲಿ ನಿಮ್ಮ ಅಜ್ಜ ಉಟ್ಟಿದ್ದ ಪಂಚೆ ಒಂದೇ. ಒಣಗಲು ಹರವಿದ ಕಾಫಿ ಹಣ್ಣಿನ ಮೇಲೇ ಅದನ್ನು ಹಾಸುತ್ತಿದ್ದರು. ರಸ ಹತ್ತಿ ಕಲೆಯಾಗುತ್ತಿತ್ತು. ಒಗೆಯುವುದು ನನ್ನ ಪಾಲು. ಕಣದಲ್ಲಿ ಕಾಫಿ ಕೆದಕುವ ಹೆಂಗಸರಿಗೆ ಅದೊಂದು ತಮಾಷೆ. "ಗೌಡ್ತಮ್ಮಾರೇ, ನಿಮ್ಮ ಮಗ ಇಳಿದ್ರೆ ನಮ್ಮನ್ನೂ ಒಂದು ರೌಂಡು ಕರ್ಕೊಂಡು ಹೋಗಕ್ಕೆ ಹೇಳ್ರವ್ವ" ಎನ್ನುತ್ತಿದ್ದರು. ನಿಮ್ಮ ಅಜ್ಜನೂ ನಗುತ್ತಿದ್ದರು.

ಅರವತ್ತೈದರ ಯುದ್ಧ ಮುಗಿದು ಕೆಲವು ತಿಂಗಳಾಗಿತ್ತು. ಮೆಣಸು ಕೊಯ್ಲಿನ ಕಾಲ. ಕೊಯ್ಯುವ ಆಳು ಬರಲಿಲ್ಲವೆಂದು ನಿಮ್ಮ ಅಜ್ಜನೇ ಬೆಳಿಗ್ಗೆ ಏಣಿ ಹೊತ್ತು ತೋಟಕ್ಕೆ ಹೋಗಿದ್ದರು. ಮಧ್ಯಾಹ್ನ, ಹೆಂಗಸರು ಊಟಕ್ಕೆ ಹೋಗಿದ್ದಾಗ, ಅತ್ತೆ ಇದ್ದಕ್ಕಿದ್ದಂತೆ ಎದ್ದು, ಬಂದ, ಬಂದ ಎನ್ನುತ್ತಾ ಪಂಚೆ ಎತ್ತಿಕೊಂಡು ಕಣಕ್ಕೆ ನಡೆದರು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಬಿಸಿಲು ಜೋರಾಗಿದೆ, ಬನ್ನಿ ಎಂದು ಹಿಂದೆಯೇ ಹೋದೆ. ಅವರು ಪಂಚೆ ಹಾಸಿ ನಿಂತರು. ಆಗ ಅದರ ಮೇಲೆ ಒಂದು ನೆರಳು ಬಂತು. ಎರಡು ರೆಕ್ಕೆ ಚಾಚಿದ ನೆರಳು. ನಮ್ಮ ಕಾಲ ಬಳಿಯಿಂದ ತೋಟದ ಕಡೆಗೆ ನಿಧಾನವಾಗಿ ಸರಿದು, ಪಂಚೆಯ ಅಂಚಿಗೆ ಬಂದು ಇಲ್ಲವಾಯಿತು. ಆಚೆಗಿದ್ದ ಕಾಫಿಯ ಮೇಲೆ ಬೀಳಲೇ ಇಲ್ಲ. ತಲೆಯೆತ್ತಿ ನೋಡಿದೆ. ವಿಮಾನವಿಲ್ಲ, ಹದ್ದಿಲ್ಲ, ಒಂದು ತುಣುಕು ಮೋಡವೂ ಇಲ್ಲ.

"ನನ್ನ ಮಗ ಹೋಗ್ಬುಟ್ಟ" ಎಂದು ಅತ್ತೆ ಅಲ್ಲೇ ಕುಸಿದರು.

ಭಾವನವರ ವಿಮಾನ ಬಿದ್ದಿದೆ ಎನ್ನುವುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಆಗ ಮನೆಯ ಹತ್ತಿರ ಇದ್ದ ಒಬ್ಬನೇ ಗಂಡಸು ಎಂದರೆ ನಮ್ಮ ತೋಟದ ಮೇಸ್ತ್ರಿ. ಅವನನ್ನು ಕರೆದು, ಸಕಲೇಶಪುರಕ್ಕೆ ಹೋಗಿ ಟೆಲಿಗ್ರಾಂ ಕೊಟ್ಟು ಬಾ ಎಂದರು. ಇವರು ಊಟಕ್ಕೂ ಬಂದಿಲ್ಲ, ಮೊದಲು ಮೇಸ್ತ್ರಿ ತೋಟಕ್ಕೊಂದು ಸಲ ಹೋಗಿ ನೋಡಿ ಬರಲಿ ಎಂದೆ ನಾನು. ಅತ್ತೆಯ ಎದುರು ಅಷ್ಟು ಮಾತಾಡಿದ್ದೇ ಅಪರೂಪ.

"ಅವನಿಗೇನಾಯ್ತದೆ ಬುಡು. ನೆಲದ ಮೇಲೆ ಇರೋನು" ಎಂದರು ಅತ್ತೆ.

ಮೇಸ್ತ್ರಿ ಬಸ್ಸಿಗೆ ಓಡಿದ. ಅತ್ತೆ ನನ್ನ ಕೈ ಬಿಡದೆ, ಸಂಜೆಯವರೆಗೂ ದೊಡ್ಡ ಮಗನಿಗಾಗಿ ಅತ್ತರು.

ಮೇಸ್ತ್ರಿ ಹಿಂದಿರುಗುವಾಗ ತೋಟದ ಒಳದಾರಿ ಹಿಡಿದದ್ದರಿಂದ ನಿಮ್ಮ ಅಜ್ಜ ಸಿಕ್ಕಿದರು. ಏಣಿ ಜಾರಿ ಬಿದ್ದಿದ್ದರು. ಮೈ ಇನ್ನೂ ಬೆಚ್ಚಗಿತ್ತು ಎಂದ. ಯಾವ ಹೊತ್ತಿಗೆ ಬಿದ್ದರು, ಎಷ್ಟು ಹೊತ್ತು ಯಾರಾದರೂ ಬರುತ್ತಾರೆಂದು ಕಾದರು, ಹೇಳುವವರಿಲ್ಲ. ಆ ಪಂಚೆಯನ್ನೇ ಹೊದಿಸಿದೆವು.

ಮರುದಿನ ಭಾವನವರ ತಂತಿ ಬಂತು. ತಾನು ಕ್ಷೇಮ, ಬಡ್ತಿಯೂ ಆಗಿದೆ ಎಂದಿತ್ತು.

ತಿಥಿಗೆ ಬಂದರು. ಅತ್ತೆ ನೆರಳಿನ ವಿಷಯ ಹೇಳಿದಾಗ ಸಮಾಧಾನವಾಗಿಯೇ ವಿವರಿಸಿದರು. ಅಷ್ಟು ಎತ್ತರದಲ್ಲಿ ಹಾರುವ ವಿಮಾನದ ನೆರಳು ನೆಲದ ಮೇಲೆ ಮೂಡುವುದಿಲ್ಲ, ಹದ್ದೋ ಮೋಡವೋ ಇರಬೇಕು, ಅಲ್ಲಿಂದ ನೋಡಿದರೆ ಈ ಊರೆಲ್ಲ ಬರೀ ಹಸಿರು, ಮನೆಯೇ ಕಾಣದು ಎಂದರು. ನಾನು ಅಲ್ಲಿಯವರೆಗೆ ಅವರೆದುರು ಬಾಯಿ ತೆರೆದವಳಲ್ಲ.

"ಹಂಗಾರೆ ಭಾವ, ನಮ್ಮ ಪಂಚೆ ನಿಮಗೆ ಒಂದು ಸಲನೂ ಕಾಣ್ಲಿಲ್ವಾ?"

"ಯಾವ ಪಂಚೆ?" ಎಂದರು.

ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಎಷ್ಟೋ ವಿಮಾನಗಳು ಹಾದುಹೋದವು, ಅವರು ಒಲೆಯ ಮುಂದಿನಿಂದ ಏಳಲಿಲ್ಲ. ಭಾವ ಇನ್ನೂ ಮೇಲಕ್ಕೆ ಹೋದರು. ಗೋಡೆಯ ಮೇಲಿರುವುದು ಆ ಕಾಲದ ಫೋಟೋ.

ಅವರು ಹೇಳಿದ್ದೇ ಸರಿ ಇರಬಹುದು, ವಿಮಾನದ ವಿಷಯ ಅವರಿಗಿಂತ ನಾನು ಬಲ್ಲೆನೇ? ಆದರೆ ಆ ನೆರಳು ನಿಮ್ಮ ಅಜ್ಜನ ಪಂಚೆಯ ಮೇಲೆ ಮಾತ್ರ ಏಕೆ ಬಿತ್ತು, ಯಾರದು, ಏನು ಹೇಳಲು ಬಂದಿತ್ತು ಎಂದು ನನಗೆ ಇಂದಿಗೂ ತಿಳಿದಿಲ್ಲ. ಅದು ಸರಿದದ್ದು ತೋಟದ ಕಡೆಗೆ. ನಾವು ಮೇಲೆ ನೋಡುತ್ತಿದ್ದೆವು.