ಅರಮನೆಯ ಒಲೆ

೨೦೦೩ರಲ್ಲಿ ಇರಾಕಿನ ಯುದ್ಧ ಶುರುವಾದಾಗ ಬಾರ್ಕೂರಿನಲ್ಲಿ ನೇರವಾಗಿ ಬಾಧಿತವಾದದ್ದು ನಮ್ಮದೊಂದೇ ಮನೆ. ನನ್ನ ತಮ್ಮ ಇರಾಕಿನ ಪಕ್ಕದ ದೇಶವೊಂದರ ದೊರೆಯ ಅರಮನೆಯಲ್ಲಿ ಅಡುಗೆಯವನಾಗಿದ್ದ. ಅವನು ಹೊರಟಾಗ ಊರಿಗೆಲ್ಲ ಸಾರಿ ಬಂದಿದ್ದ ನಾನು, ಈಗ ಅವನು ಯಾವುದೋ ಬಡ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರಬಾರದಿತ್ತೇ ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದೆ. ಟೀವಿಯಲ್ಲಿ ಮೊದಲು ಉರಿದದ್ದೇ ಅರಮನೆಗಳು. ಇರಾಕಿನವರೂ ಸುಮ್ಮನಿರದೆ ಗಡಿಯಾಚೆಗೆ ಕ್ಷಿಪಣಿ ಬಿಡುತ್ತಿದ್ದರು.

ಬೆಳಿಗ್ಗೆ ಚಹಾದಂಗಡಿಯ ಮುಂದೆ ನ್ಯಾಯಪೀಠ ಸೇರುತ್ತಿತ್ತು. ಪ್ರಶ್ನೆ ಒಂದೇ: ಯುದ್ಧದಲ್ಲಿ ಅರಸನ ಮನೆಗೆ ಬಾಂಬು ಹಾಕುವುದು ನ್ಯಾಯವೇ?

"ವಾಸದ್ ಮನಿ ಅದ್. ಹೆಂಗ್ಸ್ರ್, ಮಕ್ಕಳ್, ಅಡ್ಗಿಯವ್ರ್ ಇಪ್ಪು ಜಾಗ. ಹೊಡುದಾರೆ ದಂಡಿನ್ ಕೋಟಿಗ್ ಹೊಡೀಲಿ" ಎಂದು ನಾನು ವಾದ ಹೂಡಿದೆ.

ನಿವೃತ್ತ ಮಾಸ್ತರರು ಲೋಟ ಕೆಳಗಿಟ್ಟರು. "ಹ್ವಾಯ್, ಅಪ್ಪಣೆ ಹೊರಡುದ್ ಎಲ್ಲಿಂದ? ಅರಸ ಒಳ್ಗಿದ್ರೆ ಅದೂ ದಂಡಿನ್ ಪಾಳ್ಯವೇ. ಅರಸ ಇಲ್ದಿರೆ ಬರೀ ಮನಿ, ಮುಟ್ಟುಕಾಗ."

"ಎಂತ ವಾದ ಮಾಡ್ತ್ರಿ ಮಾರಾಯ್ರೆ?" ಅಂಗಡಿಯವ ಒಳಗಿಂದಲೇ ಕೇಳಿದ. "ನೀವ್ ಕೂಕಂಡದ್ ಎಂತರ್ ಮೇಲೆ?"

ನಾವು ಕೂತದ್ದು, ಬಾರ್ಕೂರು ರಾಜಧಾನಿಯಾಗಿದ್ದ ಕಾಲದ ಹಾಳು ಅರಮನೆಯಿಂದ ಯಾರೋ ಹೊತ್ತು ತಂದ ಎರಡು ಕಂಬಗಲ್ಲುಗಳ ಮೇಲೆ. ಆ ದಿನದ ಕಲಾಪ ಅಲ್ಲಿಗೇ ಮುಗಿಯಿತು.

ಒಂಬತ್ತನೆಯ ದಿನ ಫೋನ್ ಬಂತು. "ಹೆದ್ರಬೇಡ ಅಣ್ಣ. ದೊರೆ ಇಲ್ಲಿಲ್ಲ. ಎಲ್ಲಿಗೋ ಹೋಯಿ ವಾರ ಆಯ್ತ್."

ನನಗೆ ಜೀವ ಬಂತು. ಮಾಸ್ತರರ ತೀರ್ಪಿನ ಪ್ರಕಾರ ಅರಮನೆ ಈಗ ಬರೀ ಮನೆ. ಪಕ್ಕದಲ್ಲಿ ನಿಂತಿದ್ದ ಅಮ್ಮನಿಗೆ ಅದನ್ನು ಸವಿಸ್ತಾರವಾಗಿ ವಿವರಿಸಿದೆ. ಅಮ್ಮ ಕೇಳಿದಳು: "ಅರಸ ಇಲ್ದಿದ್ ಮೇಲೆ ಇವ ಬೇಯ್ಸುದ್ ಯಾರಿಗೆ?"

ತಮ್ಮನಿಗೆ ಅದನ್ನೇ ಕೇಳಿದೆ.

"ದೊರೆಗೇ. ದಿನಾ ಮೂರ್ ಹೊತ್ತ್ ಮಾಡುದ್, ಚೆಲ್ಲುದ್. ಒಲೆ ಆರ್ಸುಕಾಗ ಅಂದಿರ್. ದೊರೆ ಒಳ್ಗೇ ಇದ್ರ್ ಅಂತ ಹೊರ್ಗಿನವ್ರಿಗೆ ಕಾಣ್ಕಲ್ದಾ?" ಅಷ್ಟರಲ್ಲಿ ಲೈನು ಕಡಿಯಿತು.

"ಎಂತ ಅಂದ?" ಎಂದಳು ಅಮ್ಮ.

"ಊಟ ಆಯ್ತಂಬ್ರ್" ಎಂದೆ.

ಮರುದಿನ ಅಂಗಡಿಗೆ ಹೋದವನು ಆ ಕಲ್ಲಿನ ಮೇಲೆ ಕೂರಲಿಲ್ಲ. ನಿಂತೇ ಚಹಾ ಕುಡಿದೆ.

"ಎಂತಾಯ್ತ್? ಅರಸ ಇದ್ನಾ, ಇಲ್ಯಾ?" ಮಾಸ್ತರರು ಕೇಳಿದರು.

"ಇಲ್ಲ! ಅರಸ ಇಲ್ಲ! ಅರಮನಿ ಖಾಲಿ!" ನನ್ನ ಕೂಗಿಗೆ ನಾನೇ ಬೆಚ್ಚಿದೆ.

"ನನ್ ಕೆಮಿ ಸಮಾ ಇತ್ ಮಾರಾಯ, ಮೆಲ್ಲ ಹೇಳ್" ಎಂದರು ಮಾಸ್ತರರು, ಕಿವಿ ಉಜ್ಜಿಕೊಳ್ಳುತ್ತ.

ನಾನು ಪಡುವಣ ಕಡಲಿನತ್ತ ತಿರುಗಿ, ಆಚೆ ದಡಕ್ಕೆ ಕೇಳುವಂತೆ ಇನ್ನೊಮ್ಮೆ ಕೂಗಿದೆ.